ಮೊದಲು ಕಟ್ಟಿ, ಆಮೇಲೆ ದುಡ್ಡು: ಎರೆ ನೆಲದಲ್ಲಿ ಶೌಚಾಲಯದ ಲೆಕ್ಕ

ಈ ವಾರದ ವಿಷಯ ಶೌಚಾಲಯ. ಅಯ್ಯೋ, ಮತ್ತೆ ಅದೇನಾ ಅಂತ ಇಯರ್‌ಫೋನ್ ತೆಗೀಬೇಡಿ. ಜನರಲ್ಲಿ ಜಾಗೃತಿ ಬರಬೇಕು, ಮನಸ್ಸು ಬದಲಾಗಬೇಕು ಅನ್ನೋ ಭಾಷಣ ನಾನು ಮಾಡಲ್ಲ. ಬಿ.ಕಾಂ ಓದಿದೋಳು, ನನಗೆ ಬರೋದು ಜಮಾ-ಖರ್ಚು. ಅದನ್ನೇ ನೋಡೋಣ.

ಲೆಕ್ಕಕ್ಕೆ ಒಂದು ಊರು ಬೇಕು. ಬೀಳಗಿ ತಾಲೂಕಿನ ಅನಗವಾಡಿ ತಗೊಳ್ಳಿ. ವಿಜಯಪುರದಿಂದ ಹುಬ್ಬಳ್ಳಿ ಕಡೆ ಹೋಗೋರಿಗೆ ಘಟಪ್ರಭಾ ನದಿ ಮೇಲಿನ ಸೇತುವೆಯಿಂದ ಈ ಊರಿನ ಹೆಸರು ಗೊತ್ತಿರುತ್ತೆ. ಈ ಭಾಗದಲ್ಲಿ ಎಲ್ಲಿ ನೋಡಿದರೂ ಎರೆ ಭೂಮಿ, ಕಬ್ಬು. ಆಲಮಟ್ಟಿ ಜಲಾಶಯ 519.60 ಮೀಟರ್‌ ತುಂಬಿತು ಅಂದ್ರೆ ಹಿನ್ನೀರು ಘಟಪ್ರಭೆಯೊಳಗೂ ಹಿಂದಕ್ಕೆ ಸರಿಯುತ್ತೆ. ಈ ನೆಲ ಮತ್ತು ನೀರು ಎರಡನ್ನೂ ನೆನಪಲ್ಲಿ ಇಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮೊದಲು ದುಡ್ಡು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾದಾಗ ಹಳ್ಳಿಯ ಮನೆ ಶೌಚಾಲಯಕ್ಕೆ 12,000 ರೂಪಾಯಿ ಅಂತ ಗೊತ್ತು ಮಾಡಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯ ಸರ್ಕಾರ ಸೇರಿಸಿ ಕೊಟ್ಟು ಆಗ 15,000 ಆಗ್ತಿತ್ತು. ಕಾಗದದಲ್ಲಿ ಇದಕ್ಕೆ ಬಳಸೋ ಪದ 'ಪ್ರೋತ್ಸಾಹಧನ'. ಈ ಪದದಲ್ಲೇ ಎಲ್ಲಾ ಇದೆ. ಇದು ಕಟ್ಟೋಕೆ ಕೊಡೋ ದುಡ್ಡಲ್ಲ, ಕಟ್ಟಿದ್ದಕ್ಕೆ ಕೊಡೋ ದುಡ್ಡು. ಸಾಮಾನ್ಯವಾಗಿ ನಡೆಯೋದು ಹೀಗೆ: ನೀವು ಗುಂಡಿ ತೋಡಿ, ಗೋಡೆ ಎಬ್ಬಿಸಿ, ಬಾಗಿಲು ಕೂರಿಸಿ, ಫೋಟೋ ತೆಗೆಸಿ. ಆಮೇಲೆ ಖಾತೆಗೆ ಜಮಾ.

ಅಂಗಡಿ ನಡೆಸೋರಿಗೆ ಇದು ಗೊತ್ತು. ಬಂಡವಾಳ ಮೊದಲು ಹೋಗುತ್ತೆ, ಬಿಲ್ಲು ಆಮೇಲೆ ಬರುತ್ತೆ, ನಡುವಿನ ದಿನಗಳನ್ನ ಯಾರೋ ಒಬ್ಬರು ಹೊರಬೇಕು. ಇಲ್ಲಿ ಹೊರೋರು ಕಬ್ಬು ಕಡಿಯೋ ಕೂಲಿಯವರು. ಒಂದು ಉದಾಹರಣೆ: ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಲ್ಲಿ 12,000 ಕೈಸಾಲ ತಂದು, ಸರ್ಕಾರದ ದುಡ್ಡು ನಾಲ್ಕು ತಿಂಗಳಿಗೆ ಬಂತು ಅಂತಿಟ್ಕೊಳ್ಳಿ. ಬಡ್ಡಿನೇ 1,440. ಆ ಬಡ್ಡಿ ಯಾವ ಅಂದಾಜುಪಟ್ಟಿಯಲ್ಲೂ ಇಲ್ಲ. ಮುಂಗಡವಾಗಿ ಒಂದು ಕಂತು, ಮುಗಿದ ಮೇಲೆ ಇನ್ನೊಂದು ಕಂತು ಕೊಡಬಹುದು ಅಂತ ಸ್ವಚ್ಛ ಭಾರತದ ಮಾರ್ಗಸೂಚಿಯೇ ರಾಜ್ಯಗಳಿಗೆ ಅವಕಾಶ ಕೊಟ್ಟಿತ್ತು. ನನ್ನ ಪ್ರಕಾರ ಇಡೀ ಯೋಜನೆಯಲ್ಲಿ ಬಡವರಿಗೆ ಅತಿ ಹೆಚ್ಚು ಬೇಕಾಗಿದ್ದ ಸಾಲು ಅದು.

ಕೊಪ್ಪಳ ಜಿಲ್ಲೆಯ ಹುಡುಗಿಯೊಬ್ಬಳು ಮನೆಗೆ ಶೌಚಾಲಯ ಬೇಕು ಅಂತ ಊಟ ಬಿಟ್ಟು ಕೂತಿದ್ದು ನಿಮಗೆ ನೆನಪಿರಬಹುದು. 2016ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿ ಅದನ್ನ ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾಯ್ತು. ಎಲ್ಲರೂ ಅವಳ ಹಠ ಹೊಗಳಿದರು, ಹೊಗಳಲೇಬೇಕು. ಆದರೆ ನನ್ನ ಕಣ್ಣು ಹೋಗಿದ್ದು ಇನ್ನೊಂದು ಕಡೆ. ಅಲ್ಲಿನ ಗ್ರಾಮ ಪಂಚಾಯಿತಿ ಅಧ್ಯಕ್ಷರು 18,000 ರೂಪಾಯಿ ಹೊಂದಿಸಿಕೊಟ್ಟರು, ವಾರದೊಳಗೆ ಶೌಚಾಲಯ ಎದ್ದಿತು. ಹದಿನೆಂಟು ಸಾವಿರ. ಅದೂ ಕಟ್ಟೋಕಿಂತ ಮೊದಲು.

ಈಗ ನೆಲಕ್ಕೆ ಬರೋಣ. ಸರ್ಕಾರ ಶಿಫಾರಸು ಮಾಡೋದು ಎರಡು ಗುಂಡಿಯ ಶೌಚಾಲಯ. ಇದು ಬಹಳ ಜಾಣ ವಿನ್ಯಾಸ. ಒಂದು ಗುಂಡಿ ತುಂಬೋವರೆಗೆ ಬಳಸಿ, ಮಧ್ಯದ ಛೇಂಬರ್‌ನಲ್ಲಿ ದಾರಿ ತಿರುಗಿಸಿ ಇನ್ನೊಂದಕ್ಕೆ ಬಿಡೋದು. ಮುಚ್ಚಿಟ್ಟ ಗುಂಡಿ ಒಂದೆರಡು ವರ್ಷದಲ್ಲಿ ವಾಸನೆ ಇಲ್ಲದ ಗೊಬ್ಬರ ಆಗುತ್ತೆ. ಇಳಿಜಾರು ಜಾಸ್ತಿ ಇರೋ ಪ್ಯಾನ್‌ಗೆ ಎರಡು ಲೀಟರ್ ನೀರು ಸಾಕು, ಅಂದ್ರೆ ಒಂದು ಚರಗಿ. ಆದರೆ ಇದೆಲ್ಲ ನಡೆಯೋದು ಗುಂಡಿಯ ನೀರು ಸುತ್ತಲಿನ ಮಣ್ಣಿಗೆ ಇಂಗಿದರೆ ಮಾತ್ರ.

ಎರೆ ಮಣ್ಣು ಇಂಗಿಸಿಕೊಳ್ಳಲ್ಲ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತೆ, ಮಳೆ ಬಿದ್ದರೆ ಉಬ್ಬಿ ಗುಂಡಿಯ ಕಲ್ಲು ಕಟ್ಟಡವನ್ನೇ ಒತ್ತುತ್ತೆ. ಹೊಳೆ ದಂಡೆಯಲ್ಲಿ ಅಂತರ್ಜಲವೂ ಮೇಲಿದ್ದರೆ ಗುಂಡಿಗೆ ನೀರು ಹೊರಗಿಂದಲೇ ಬರುತ್ತೆ. ಆಗ ಪ್ಯಾನ್ ಕಟ್ಟಿಕೊಳ್ಳುತ್ತೆ, ಮನೆಯ ಹೆಂಗಸರು ಚರಗಿ ಹಿಡಿದು ಕತ್ತಲಾಗೋದನ್ನ ಕಾಯ್ತಾರೆ. ಹೊರಗಿನವರು ಬಂದು 'ಕಟ್ಟಿಸಿಕೊಟ್ಟರೂ ಬಳಸಲ್ಲ ನೋಡಿ ಇವರು' ಅಂತಾರೆ. ಸಿಟ್ಟು ಬರುತ್ತೆ ನನಗೆ.

ಇದಕ್ಕೆ ಪರಿಹಾರ ತಾಂತ್ರಿಕ ಕೈಪಿಡಿಗಳಲ್ಲೇ ಇದೆ. ಎರೆ ನೆಲದಲ್ಲಿ ಗುಂಡಿಯ ಗೋಡೆ ಹೊರಗೆ ಸುತ್ತಲೂ 300 ಮಿಲಿಮೀಟರ್, ಅಂದ್ರೆ ಒಂದು ಅಡಿ, ಮರಳು ಅಥವಾ ಸಣ್ಣ ಜಲ್ಲಿ ತುಂಬಬೇಕು. ನೀರು ಮೇಲಿರೋ ಕಡೆ ಗುಂಡಿಯನ್ನ ನೆಲಮಟ್ಟದಿಂದ ಎತ್ತರಿಸಿ ಕಟ್ಟಬೇಕು. ಆದರೆ ಜಾಸ್ತಿ ಅಗೆತ, ಜಾಸ್ತಿ ಕಲ್ಲು, ಟ್ರ್ಯಾಕ್ಟರ್ ಮರಳು, ಇದೆಲ್ಲ ಖರ್ಚು. ಮರಡಿ ನೆಲಕ್ಕೂ 12,000, ಎರೆ ನೆಲಕ್ಕೂ 12,000. ಹಂಗಾದ್ರೆ ಜನ ಏನು ಮಾಡ್ತಾರೆ? ಎರಡನೇ ಗುಂಡಿ ಕೈಬಿಡ್ತಾರೆ.

ಒಂದೇ ಗುಂಡಿ ಇದ್ದರೆ ತುಂಬಿದ ದಿನ ಒಳಗಿರೋದು ಗೊಬ್ಬರ ಅಲ್ಲ, ಹಸಿ ಮಲ. ಅದನ್ನ ತೆಗೆಯೋರು ಯಾರು? ಮನುಷ್ಯರ ಕೈಯಲ್ಲಿ ತೆಗೆಸೋದನ್ನ 2013ರ ಕಾಯ್ದೆ ನಿಷೇಧಿಸಿದೆ. ಸಕ್ಕಿಂಗ್ ಯಂತ್ರದ ಲಾರಿ ಕೇರಿಯ ಓಣಿಯೊಳಗೆ ತಿರುಗಲ್ಲ. ಕೊನೆಗೆ ಯಾವ ಜಾತಿಯವರನ್ನ ಕರೀತಾರೆ ಅಂತ ನಾನು ಬಾಯಿಬಿಟ್ಟು ಹೇಳಬೇಕಿಲ್ಲ. 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದು ನಮ್ಮ ರಾಜ್ಯದಲ್ಲೇ. ಎರಡನೇ ಗುಂಡಿಯ ಉಳಿತಾಯ ಅವರಂಥವರ ಖಾತೆಗೆ ಖರ್ಚಾಗಿ ಬೀಳುತ್ತೆ.

2018ರ ಕೊನೆಗೆ ಗ್ರಾಮೀಣ ಕರ್ನಾಟಕ ಬಯಲು ಬಹಿರ್ದೆಸೆ ಮುಕ್ತ ಅಂತ ಘೋಷಣೆ ಆಯ್ತು. ಮರುವರ್ಷ ಇಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಪಟ್ಟಣಗಳೂ ಸೇರಿ, ಬೇರೆ ಮನೆಯ ಜೊತೆ ಹಂಚಿಕೊಳ್ಳದ ಸುಧಾರಿತ ಶೌಚಾಲಯ ಇದ್ದದ್ದು ಸುಮಾರು 75% ಜನರಿಗೆ. ಉಳಿದವರೆಲ್ಲ ಬಯಲಿಗೇ ಹೋಗ್ತಾರೆ ಅಂತ ಅಲ್ಲ. ಆದರೆ ಘೋಷಣೆಯ ಫಲಕ ಒಂದು ಸಲ ಊರ ಮುಂದೆ ನಿಂತರೆ, 'ನಮ್ಮ ಗುಂಡಿ ಕೆಟ್ಟಿದೆ' ಅಂತ ಅರ್ಜಿ ಕೊಡೋದು ಕಷ್ಟ.

ನಿಮ್ಮೂರಲ್ಲಿ ಮುಂದಿನ ಗ್ರಾಮಸಭೆ ಇದ್ದಾಗ ಪಿಡಿಒ ಅವರನ್ನ ಎರಡು ಪ್ರಶ್ನೆ ಕೇಳಿ. ಕಟ್ಟೋ ಮೊದಲೇ ಒಂದು ಕಂತು ಸಿಗುತ್ತಾ? ಎರೆ ನೆಲದ ಅಂದಾಜುಪಟ್ಟಿಯಲ್ಲಿ ಆ ಒಂದು ಅಡಿ ಮರಳು ಬರೆದಿದ್ದಾರಾ? ಉತ್ತರ ಏನು ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ.