ನೀರು ಹಿಡಿದಿಡುವ ಹಾವಸೆಗೆ ಬಿಸಿಲು ತಟ್ಟಿದರೆ

ಮಳೆಗಾಲದಲ್ಲಿ ಬಚ್ಚಲ ಗೋಡೆಗೆ, ಬಾವಿಕಟ್ಟೆಗೆ ಹಸಿರು ಹಾವಸೆ ಕಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಕಾಲು ಜಾರೀತೆಂದು ನಾವು ಉಜ್ಜಿ ಉಜ್ಜಿ ತೆಗೆಯುತ್ತೇವೆ. ತೆಗೆಯದಿದ್ದರೂ ನಮ್ಮ ಸಂತೆಕಲ್ಲೂರಿನಂಥ ಬಿಸಿಲು ನಾಡಿನಲ್ಲಿ ಅದರ ಆಯುಷ್ಯ ಎಷ್ಟು ದಿನದ್ದು? ಮಳೆ ನಿಂತ ಮೇಲೆ ಒಣಗಿ, ಕರ್ರಗಾಗಿ ಉದುರಿಹೋಗುತ್ತದೆ. ಆದರೆ ಇದೇ ಹಾವಸೆಯ ಬಳಗದಲ್ಲಿ ಒಂದು ಜಾತಿಯಿದೆ. ಅದು ಒಣಗಿದರೆ ಮಾತ್ರ ಇಡೀ ಭೂಮಿಗೇ ಚಿಂತೆ.

ಅದರ ಹೆಸರು ಸ್ಫ್ಯಾಗ್ನಂ. ರಷ್ಯಾ, ಕೆನಡಾ, ಐರ್ಲೆಂಡಿನಂಥ ತಂಪು ಸೀಮೆಗಳ ಜೌಗು ನೆಲದಲ್ಲಿ ಕೌದಿ ಹಾಸಿದಂತೆ ಬೆಳೆಯುತ್ತದೆ. ಬೇರಿಲ್ಲ. ಎಲೆಗಳ ತುಂಬ ಬರಿದಾದ ಪುಟ್ಟ ಕೋಶಗಳಿವೆ. ಅವು ಹರವಿಗಳ ಹಾಗೆ ನೀರು ತುಂಬಿಕೊಳ್ಳುತ್ತವೆ. ಒಣಗಿದ ಹಾವಸೆ ತನ್ನ ತೂಕದ 20 ಪಟ್ಟಿನವರೆಗೂ ನೀರು ಹೀರೀತು! ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದೆ ಬಂದಾಗ ಬ್ರಿಟನ್ನಿನಲ್ಲಿ ಇದನ್ನೇ ಆರಿಸಿ, ಒಣಗಿಸಿ ಸೈನಿಕರ ಗಾಯಕ್ಕೆ ಕಟ್ಟುತ್ತಿದ್ದರು.

ಈ ಹಾವಸೆ ಮೇಲೆ ಚಿಗುರುತ್ತದೆ, ಕೆಳಗೆ ಸಾಯುತ್ತದೆ. ಸತ್ತದ್ದು ಮಾತ್ರ ಪೂರ್ತಿ ಕೊಳೆಯುವುದಿಲ್ಲ. ಯಾಕೆ ಅಂತೀರಾ? ನಿಮ್ಮ ಉಪ್ಪಿನಕಾಯಿ ಭರಣಿಯನ್ನೇ ನೆನೆಸಿಕೊಳ್ಳಿ. ಹೋಳು ರಸದೊಳಗೆ ಮುಳುಗಿರುವ ತನಕ ಕೆಡುವುದಿಲ್ಲ, ಮೇಲೆದ್ದು ಗಾಳಿ ತಾಕಿತೋ ಬೂಷ್ಟು ಹಿಡಿಯಿತು. ಸ್ಫ್ಯಾಗ್ನಂ ಕೂಡ ತನ್ನ ಸುತ್ತಲಿನ ನೀರನ್ನು ಹುಳಿಯಾಗಿಸುತ್ತದೆ, ಆ ನೀರೊಳಗೆ ಸತ್ತ ಭಾಗವೆಲ್ಲ ಮುಳುಗಿ ಉಳಿಯುತ್ತದೆ. ಹೀಗೆ ಶೇಖರವಾದ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ಒಂದು ಮೀಟರ್ ದಪ್ಪ ಬೆಳೆಯಲು ಸುಮಾರು 1000 ವರ್ಷ ಬೇಕು. ಭೂಮಿಯ ಮೇಲಿನ ನೆಲದಲ್ಲಿ ಪೀಟ್ ಇರುವುದು ನೂರಕ್ಕೆ 3 ಪಾಲು ಮಾತ್ರ. ಆದರೂ ಲೋಕದ ಕಾಡುಮರಗಳಲ್ಲೆಲ್ಲ ಇರುವುದಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿ ಅಡಗಿದೆ.

ಈಗ ಬಿಸಿಲು ಏರುತ್ತಿದೆ, ಭರಣಿಯ ರಸ ಇಳಿಯುತ್ತಿದೆ. ನೀರು ಕೆಳಗಿಳಿದರೆ ಹಾವಸೆ ಮೊದಲು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಗುಂಡಿಯಲ್ಲಿ ಸಡಿಲವಾಗಿ ಬೆಳೆಯುವ ಜಾತಿಗಳು ಬೇಗ ಸೋಲುತ್ತವೆ. ದಿಬ್ಬದ ಮೇಲೆ ಒತ್ತೊತ್ತಾಗಿ, ಒಟ್ಟು ಕುಟುಂಬದ ಹಾಗೆ ಬೆಳೆಯುವವು ಇದ್ದ ನೀರನ್ನೇ ಹಂಚಿಕೊಂಡು ಇನ್ನಷ್ಟು ದಿನ ತಡೆಯುತ್ತವೆ. ಅದಕ್ಕೂ ಮಿತಿಯಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಒಂದು ಜೌಗಿನಲ್ಲಿ ಮೇಲ್ಛಾವಣಿಯಿಲ್ಲದ ದೊಡ್ಡ ಆವರಣಗಳನ್ನು ಕಟ್ಟಿ, 2015ರಿಂದ ಒಂದೊಂದರಲ್ಲಿ ಒಂದೊಂದು ಮಟ್ಟಕ್ಕೆ, 9 ಡಿಗ್ರಿವರೆಗೂ ಬಿಸಿ ಏರಿಸಿ ನೋಡಿದರು. ಬಿಸಿ ಏರಿದಷ್ಟೂ ಹಾವಸೆ ತಗ್ಗಿತು, ಪೊದೆಗಿಡಗಳು ಸೊಕ್ಕಿ ಬೆಳೆದವು. ಇಂಗಾಲವನ್ನು ಕೂಡಿಡುತ್ತಿದ್ದ ನೆಲವೇ ಅದನ್ನು ಗಾಳಿಗೆ ಬಿಡತೊಡಗಿತು. ಇನ್ನು ಒಣಪೀಟಿಗೆ ಬೆಂಕಿ ಬಿದ್ದರಂತೂ ನೆಲದೊಳಗೇ ಹೊಗೆಯಾಡುತ್ತದೆ. 2010ರ ಬೇಸಿಗೆಯಲ್ಲಿ ಮಾಸ್ಕೋ ನಗರ ಅಂಥ ಹೊಗೆಯಲ್ಲಿ ಮುಳುಗಿತ್ತು.

ಇದೆಲ್ಲ ದೂರದ ಮಾತಾಯಿತು, ನಮ್ಮ ಕಡೆ ಪೀಟ್ ಇದೆಯೇ ಎಂದರೆ, ಊಟಿಯ ಬಳಿ ಇದೆ. ನೀಲಗಿರಿಯ ಕಣಿವೆಗಳ ಪೀಟ್ ಹೆಚ್ಚಾಗಿ ಹುಲ್ಲು, ಜೇಕಿನಿಂದ ಆದದ್ದು. ಅದನ್ನು ಬಗೆದು ನೋಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅವರ ಉಪಾಯ ನಮಗೂ ತಿಳಿಯುವಂಥದ್ದು. ಜೋಳ, ಸಜ್ಜೆಯಂಥ ಬಿಸಿಲು ತಾಳುವ ಹುಲ್ಲುಗಳು ಗಾಳಿಯಿಂದ ಇಂಗಾಲ ಹೀರುವ ರೀತಿಯೇ ಬೇರೆ, ನೆಲ್ಲು, ಗೋದಿಯದೇ ಬೇರೆ. ಆ ಗುರುತು ಸತ್ತ ಮೇಲೂ ಮಣ್ಣಿನಲ್ಲಿ ಉಳಿಯುತ್ತದೆ. ತುಂಗಭದ್ರೆಯ ಕಾಲುವೆ ಬಂದು ಸಿಂಧನೂರು ಕಡೆ ಜೋಳ ಹೋಗಿ ನೆಲ್ಲು ಬಂತಲ್ಲ, ಹಾಗೆ ನೀಲಗಿರಿಯಲ್ಲೂ ಅದಲುಬದಲಾಗಿದೆ: 20 ಸಾವಿರದಿಂದ 16 ಸಾವಿರ ವರ್ಷಗಳ ಹಿಂದೆ ಜೋಳದ ಬಗೆಯ ಹುಲ್ಲುಗಳದೇ ಕಾರುಬಾರು, ಸುಮಾರು 9 ಸಾವಿರ ವರ್ಷಗಳ ಹಿಂದೆ ಒಳ್ಳೆ ಮಳೆಗಾಲ. ಮುಂಗಾರಿನ ಇಷ್ಟು ಹಳೆಯ ಲೆಕ್ಕ ಬೇರೆ ಯಾವ ಪಂಚಾಂಗದಲ್ಲಿ ಸಿಕ್ಕೀತು? ಆ ಜೌಗುಗಳಲ್ಲಿ ಎಷ್ಟೋ ಕಡೆ ನೀರು ಬಸಿದು ತರಕಾರಿ ಬೆಳೆದಿದ್ದಾರೆ. ಬಸಿದಲ್ಲೆಲ್ಲ ಲೆಕ್ಕದ ಪುಸ್ತಕದ ಹಾಳೆಗಳು ಕೊಳೆಯುತ್ತವೆ.

ಹೂಕುಂಡಕ್ಕೆಂದು ನರ್ಸರಿಗೆ ಹೋದಾಗ ‘ಪೀಟ್ ಮಾಸ್’ ಎಂದು ಚೀಲ ತೋರಿಸಿದರೆ ಅದು ಪರದೇಶದ ಜೌಗನ್ನು ಅಗೆದು ತಂದ ಮಣ್ಣು. ಬೆಲೆಯೂ ಜಾಸ್ತಿ. ಕೋಕೋಪೀಟ್ ಹಾಗಲ್ಲ, ಹೆಸರಷ್ಟೇ ಸಾಲದ್ದು. ಅದು ತೆಂಗಿನ ನಾರಿನ ಹುಡಿ. ಇಟ್ಟಿಗೆಯಂತೆ ಬರುವ ಅದನ್ನು ಬಕೀಟಿನಲ್ಲಿ ನೆನೆಹಾಕಿ, ಎರಡು ಮೂರು ಸಲ ತೊಳೆದು ಹಿಂಡಿ, ಉಪ್ಪಿನಂಶ ಹೋಗಬೇಕು. ಅದರಲ್ಲಿ ಸಾರವಿಲ್ಲ, ಆದ್ದರಿಂದ ಅದೊಂದು ಪಾಲು, ಕೆಮ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ. ಬೇಸಿಗೆಯಲ್ಲಿ ಕುಂಡಕ್ಕೆ ನೀರು ಹಾಕುವುದು ಒಂದು ದಿನ ತಪ್ಪಿದರೂ ಗಿಡ ಬಾಡುವುದಿಲ್ಲ.