ಕೈಯಿಂದ ಕೈಗೆ ದಾಟಿದ ಚೀಟಿ

ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಹೊರಟ ವಿಮಾನದ ಹೊಣೆ ದಾರಿಯಲ್ಲಿ ಹಲವರ ಕೈ ಬದಲಾಯಿಸುತ್ತದೆ. ನೆಲ ಬಿಡುವವರೆಗೆ ಟವರ್, ಮೇಲೇರುವಾಗ ಅಪ್ರೋಚ್ ರೇಡಾರ್, ಆಮೇಲೆ ಒಂದೊಂದು ಸೆಕ್ಟರಿಗೂ ಬೇರೆ ಬೇರೆ ಕಂಟ್ರೋಲರ್. ಬಿಟ್ಟುಕೊಡುವವರು ಮೊದಲು ಕೇಳಬೇಕು, ವಹಿಸಿಕೊಳ್ಳುವವರು ಒಪ್ಪಬೇಕು, ಒಪ್ಪಿದ ಎತ್ತರದಲ್ಲೇ ವಿಮಾನ ಅವರ ಪಾಲಿಗೆ ಬರಬೇಕು. ವಾಯು ಸಂಚಾರ ನಿಯಂತ್ರಣದವರು (ಎಟಿಸಿ) ಇದನ್ನು ಕೋಆರ್ಡಿನೇಶನ್ ಎನ್ನುತ್ತಾರೆ. ಮೇಲೆ ಕೆಳಗೆ ಸಾವಿರ ಅಡಿ, ಇಲ್ಲವೇ ಅಕ್ಕಪಕ್ಕದಲ್ಲಿ ಸಾಮಾನ್ಯವಾಗಿ ಐದು ನಾಟಿಕಲ್ ಮೈಲಿ ಅಂತರ ಎಂಬ ನಿಯಮ ನಿಂತಿರುವುದೇ ಈ ಕೇಳಿ-ಒಪ್ಪುವ ಮಾತುಕತೆಯ ಮೇಲೆ. ಇಷ್ಟು ಸರಳವಾದ ಶಿಸ್ತು ಗಟ್ಟಿಯಾಗುವುದಕ್ಕೆ ಮುಕ್ಕಾಲು ಶತಮಾನ ಹಿಡಿಯಿತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ.

1922ರ ಏಪ್ರಿಲ್‌ನಲ್ಲಿ ಉತ್ತರ ಫ್ರಾನ್ಸಿನ ಪಿಕಾರ್ಡಿಯಲ್ಲಿ ಲಂಡನ್ ಕಡೆಯಿಂದ ಬಂದ ವಿಮಾನವೂ ಪ್ಯಾರಿಸ್ ಕಡೆಯಿಂದ ಹೊರಟ ವಿಮಾನವೂ ಮಂಜಿನಲ್ಲಿ ಎದುರುಬದುರಾಗಿ ಡಿಕ್ಕಿಯಾಗಿ ಏಳು ಜನ ಸತ್ತರು. ಇಬ್ಬರೂ ಪೈಲಟ್‌ಗಳು ನೆಲದ ಮೇಲಿನ ಒಂದೇ ರಸ್ತೆಯನ್ನು ನೋಡಿಕೊಂಡು ಹಾರುತ್ತಿದ್ದರು. ಆಕಾಶದಲ್ಲಿ ದಾರಿ ಹಂಚಬೇಕೆಂಬ ಮಾತು ಆಗಿನಿಂದ ಜೋರಾಯಿತು. 1935ರಲ್ಲಿ ಅಮೆರಿಕದ ನ್ಯೂವಾರ್ಕ್‌ನಲ್ಲಿ ಏರ್‌ಲೈನ್ ಕಂಪನಿಗಳೇ ಸೇರಿ ಒಂದು ನಿಯಂತ್ರಣ ಕೇಂದ್ರ ತೆರೆದವು, ಮರುವರ್ಷ ಸರ್ಕಾರ ಅದನ್ನು ವಹಿಸಿಕೊಂಡಿತು. ಅಲ್ಲಿ ರೇಡಾರ್ ಇರಲಿಲ್ಲ. ದೊಡ್ಡ ನಕ್ಷೆಯ ಮೇಲೆ ವಿಮಾನಕ್ಕೊಂದು ಪುಟ್ಟ ಗುರುತಿಟ್ಟು, ಸುದ್ದಿ ಬಂದಂತೆಲ್ಲ ಕೈಯಿಂದ ಸರಿಸುತ್ತಿದ್ದರು. ಅದೇ ಪದ್ಧತಿ ಬೆಳೆದು ಕಾಗದದ ಸ್ಟ್ರಿಪ್ ಬಂತು: ವಿಮಾನದ ಹೆಸರು, ಹೊರಟ ಊರು, ಸೇರುವ ಊರು, ಎತ್ತರ, ಸಮಯ ಬರೆದ ಉದ್ದನೆಯ ಚೀಟಿ. ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ಚೀಟಿ ಹೋದರೆ ವಿಮಾನದ ಹೊಣೆಯೂ ಹೋದಂತೆ. ಕಂಪ್ಯೂಟರ್ ಪರದೆ ಬಂದ ಮೇಲೆ ಈ ಚೀಟಿ ಒಂದೊಂದೇ ಕೇಂದ್ರದಿಂದ ಮರೆಯಾಗುತ್ತಿದೆ. ಪೆನ್ನಿನಲ್ಲಿ ಗೀಚಿ, ಬೆರಳಲ್ಲಿ ಸರಿಸಿ, ಎದುರಿನವರ ಮುಖ ನೋಡಿ ಒಪ್ಪಿಸುವ ಆ ಕ್ರಮಕ್ಕೆ ಅದರದೇ ಗಾಂಭೀರ್ಯವಿತ್ತು. ಅದೇ ಚೀಟಿ ಒಂದು ದಿನ 176 ಜನರ ಸಾವಿನ ಕತೆಯಲ್ಲೂ ಸಿಕ್ಕಿಕೊಂಡಿತು.

1970ರ ದಶಕದಲ್ಲಿ ಯುಗೊಸ್ಲಾವಿಯದ ಜಾಗ್ರೆಬ್ ಯುರೋಪಿನ ಆಕಾಶದ ದೊಡ್ಡ ಕೂಡುದಾರಿ. ಪಶ್ಚಿಮ ಯುರೋಪಿನಿಂದ ಟರ್ಕಿ ಕಡೆಗೆ ಹೋಗುವವರೂ ಏಡ್ರಿಯಾಟಿಕ್ ಕರಾವಳಿಯಲ್ಲಿ ರಜೆ ಕಳೆದು ಜರ್ಮನಿಗೆ ಮರಳುವವರೂ ಅಲ್ಲೇ ಹಾಯಬೇಕಿತ್ತು. ಕೇಂದ್ರದಲ್ಲಿ ಸಿಬ್ಬಂದಿ ಸಾಲುತ್ತಿರಲಿಲ್ಲ. ಆಕಾಶವನ್ನು ಎತ್ತರದ ಪ್ರಕಾರ ಮೂರು ಪಾಲು ಮಾಡಿದ್ದರು: 25,000 ಅಡಿಯವರೆಗೆ ಕೆಳಗಿನದು, ಅಲ್ಲಿಂದ 31,000ದವರೆಗೆ ಮಧ್ಯದ್ದು, ಅದಕ್ಕೂ ಮೇಲೆ ಮೇಲಿನ ಸೆಕ್ಟರ್.

1976ರ ಸೆಪ್ಟೆಂಬರ್ 10ರ ಬೆಳಿಗ್ಗೆ ಮೇಲಿನ ಸೆಕ್ಟರಿನಲ್ಲಿ ಗ್ರಾದಿಮಿರ್ ತಾಸಿಚ್ ಎಂಬ ಯುವ ಕಂಟ್ರೋಲರ್ ಕುಳಿತಿದ್ದರು. ಅಲ್ಲಿ ಇಬ್ಬರು ಇರಬೇಕೆಂಬುದು ನಿಯಮ. ಪಾಳಿ ಬದಲಾಯಿಸಲು ಬರಬೇಕಿದ್ದವರು ತಡ ಮಾಡಿದ್ದರಿಂದ ಜೊತೆಗಾರ ಅವರನ್ನು ಹುಡುಕಿಕೊಂಡು ಹೊರಗೆ ಹೋಗಿದ್ದರು. ರೇಡಿಯೊ, ಫೋನ್, ಸ್ಟ್ರಿಪ್ ಎಲ್ಲವೂ ತಾಸಿಚ್ ಒಬ್ಬರ ಪಾಲಿಗೇ ಬಿದ್ದವು. ಲಂಡನ್‌ನಿಂದ ಇಸ್ತಾಂಬುಲ್‌ಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ಟ್ರೈಡೆಂಟ್ 33,000 ಅಡಿಯಲ್ಲಿ ಬರುತ್ತಿತ್ತು.

ಸ್ಪ್ಲಿಟ್‌ನಿಂದ ಜರ್ಮನ್ ಪ್ರವಾಸಿಗರನ್ನು ಕಲೋನ್‌ಗೆ ಒಯ್ಯುತ್ತಿದ್ದ ಇನೆಕ್ಸ್-ಏಡ್ರಿಯಾ ಕಂಪನಿಯ ಡಿಸಿ-9 ಮಧ್ಯದ ಸೆಕ್ಟರಿನಲ್ಲಿ 26,000 ಅಡಿಯಲ್ಲಿತ್ತು, ಇನ್ನೂ ಮೇಲೆ ಹೋಗಬೇಕೆಂದು ಕೇಳಿತು. 28,000 ಮತ್ತು 31,000 ಅಡಿ ಖಾಲಿ ಇರಲಿಲ್ಲ. 35,000ಕ್ಕೆ ಹೋಗುತ್ತೀರಾ ಎಂದಾಗ ಪೈಲಟ್ ಖುಷಿಯಿಂದ ಒಪ್ಪಿದರು. ಆದರೆ ಆ ಎತ್ತರ ತಾಸಿಚ್ ಅವರದು. ಮಧ್ಯದ ಸೆಕ್ಟರಿನವರು ದೂರದಿಂದ ಕೈ ಎತ್ತಿ ಸನ್ನೆ ಮಾಡಿದರು. ಪುರುಸೊತ್ತಿಲ್ಲ ಎಂದು ತಾಸಿಚ್ ಕೈಯಲ್ಲೇ ತಡೆದರು. ಕಡೆಗೆ ಸಹಾಯಕರೊಬ್ಬರು ಸ್ಟ್ರಿಪ್ ಹಿಡಿದು ಅವರ ಮೇಜಿನ ಬಳಿಗೇ ನಡೆದುಹೋದರು. ಪರದೆಯ ಮೇಲಿನ ಚುಕ್ಕೆ ತೋರಿಸಿ ಕೇಳಿದೆ, ಅವರು ಹೂಂ ಎಂದರು ಎಂಬುದು ಆಮೇಲಿನ ಹೇಳಿಕೆ. ಆ ಹೂಂ ಯಾವ ವಿಮಾನಕ್ಕೆ, ಯಾವ ಎತ್ತರಕ್ಕೆ ಎಂದು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ.

ಡಿಸಿ-9 ಏರತೊಡಗಿತು. ಮಧ್ಯದ ಸೆಕ್ಟರ್ ಅದನ್ನು ಬೀಳ್ಕೊಡುವಾಗ, ಮೇಲಿನವರ ರೇಡಿಯೊಗೆ ಹೋಗಿ, ಟ್ರಾನ್ಸ್‌ಪಾಂಡರ್ ಸ್ಟ್ಯಾಂಡ್‌ಬೈ ಮಾಡಿ ಎಂದಿತು. ಪರದೆಯಲ್ಲಿ ವಿಮಾನದ ಗುರುತು ಮತ್ತು ಎತ್ತರ ಕಾಣುವುದೇ ಟ್ರಾನ್ಸ್‌ಪಾಂಡರ್‌ನಿಂದ. ಹೀಗೆ, ಕಾಣಲೇಬೇಕಾದ ಹೊತ್ತಿನಲ್ಲಿ ಆ ವಿವರ ಅಳಿಸಿಹೋಯಿತು. ಹೊಸ ಸೆಕ್ಟರನ್ನು ಡಿಸಿ-9 ಮೊದಲ ಸಲ ಮಾತನಾಡಿಸಿದ್ದು ಸುಮಾರು ಎರಡು ನಿಮಿಷದ ನಂತರ. ಆಗಲೇ ಅದು 32,500 ಅಡಿ ದಾಟುತ್ತಿತ್ತು.

ತಾಸಿಚ್‌ಗೆ ತಟ್ಟನೆ ಅರ್ಥವಾಯಿತು. ಗಾಬರಿಯಲ್ಲಿ ಇಂಗ್ಲಿಷ್ ಬಿಟ್ಟು ಸರ್ಬೊ-ಕ್ರೊಯೇಷಿಯನ್‌ಗೆ ಹೊರಳಿ, ಇರುವ ಎತ್ತರದಲ್ಲೇ ನಿಲ್ಲಿ ಎಂದರು. ಯಾವ ಎತ್ತರ ಎಂದು ಪೈಲಟ್ ಕೇಳಿದರು. ಮುಂದೆ 33,500ರಲ್ಲಿ ವಿಮಾನವಿದೆ ಎಂಬ ಉತ್ತರ ಹೋಯಿತು. ಟ್ರೈಡೆಂಟ್ ಇದ್ದದ್ದು 33,000ದಲ್ಲಿ; ಡಿಸಿ-9 ಏರುವುದನ್ನು ನಿಲ್ಲಿಸಿ ಸಮವಾಗಿದ್ದೂ ಸರಿಯಾಗಿ 33,000ದಲ್ಲೇ. ತಾಸಿಚ್ ಏನೂ ಹೇಳದೆ ಇದ್ದಿದ್ದರೆ ಅದು ಬಹುಶಃ ಟ್ರೈಡೆಂಟಿನ ನೆತ್ತಿಯ ಮೇಲೆ ಹಾದುಹೋಗುತ್ತಿತ್ತು. ಅವರು ಆಡಿದ ಭಾಷೆ ಬ್ರಿಟಿಷ್ ಪೈಲಟ್‌ಗಳಿಗೆ ತಿಳಿಯುವಂಥದ್ದಲ್ಲ, ಹಾಗಾಗಿ ಅವರಿಗೆ ಎಚ್ಚರಿಕೆಯೇ ಸಿಗಲಿಲ್ಲ. ಡಿಸಿ-9ರ ಎಡ ರೆಕ್ಕೆ ಟ್ರೈಡೆಂಟಿನ ಕಾಕ್‌ಪಿಟ್ಟನ್ನು ಸೀಳಿತು. ಎರಡೂ ವಿಮಾನಗಳು ವ್ರ್ಬೊವೆಟ್ಸ್ ಬಳಿಯ ಹೊಲಗಳಿಗೆ ಬಿದ್ದವು. ಒಬ್ಬರೂ ಉಳಿಯಲಿಲ್ಲ.

ವಿಚಾರಣೆಗೆ ನಿಂತದ್ದು ಎಂಟು ಜನ. 1977ರಲ್ಲಿ ಶಿಕ್ಷೆಯಾದದ್ದು ತಾಸಿಚ್ ಒಬ್ಬರಿಗೆ, ಏಳು ವರ್ಷ ಜೈಲು. ಪಾಳಿಗೆ ತಡವಾಗಿ ಬಂದವರು, ಕುರ್ಚಿ ಖಾಲಿ ಬಿಟ್ಟು ಹೋದವರು, ಸನ್ನೆಯಲ್ಲೇ ವಿಮಾನ ದಾಟಿಸಿದವರು ಎಲ್ಲರೂ ಪಾರಾದರು. ಜನರಿಲ್ಲದ ಕೇಂದ್ರವನ್ನು ಹಾಗೇ ನಡೆಯಲು ಬಿಟ್ಟ ಆಡಳಿತಕ್ಕೆ ಬಿಸಿಯೇ ತಟ್ಟಲಿಲ್ಲ. ಇದು ನ್ಯಾಯವಲ್ಲ, ತಲೆದಂಡ ಎಂದು ಹಲವು ದೇಶಗಳ ಕಂಟ್ರೋಲರ್‌ಗಳು ಸಿಡಿದೆದ್ದು ಮನವಿ ಸಲ್ಲಿಸಿದರು. ಮೇಲ್ಮನವಿಯಲ್ಲಿ ಶಿಕ್ಷೆ ಅರ್ಧಕ್ಕಿಳಿಯಿತು, 1978ರ ಕೊನೆಗೆ ತಾಸಿಚ್ ಬಿಡುಗಡೆಯಾದರು.

ಭಾರತ ಕಂಡ ಅತಿ ದೊಡ್ಡ ಡಿಕ್ಕಿ 1996ರ ನವೆಂಬರ್ 12ರದು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಬೋಯಿಂಗ್ 747, ಕಜಕ್‌ಸ್ತಾನದ ಇಲ್ಯೂಷಿನ್-76 ಬಡಿದುಕೊಂಡು 349 ಜನ ತೀರಿಕೊಂಡರು. ಅದನ್ನು ಈ ಸಾಲಿಗೆ ಸೇರಿಸುವುದು ಸರಿಯಲ್ಲ. ದೆಹಲಿ ಎಟಿಸಿ ಒಂದಕ್ಕೆ 14,000, ಇನ್ನೊಂದಕ್ಕೆ 15,000 ಅಡಿ ಕೊಟ್ಟಿತ್ತು. ಕಜಕ್ ವಿಮಾನ ತನಗೆ ಕೊಟ್ಟ ಎತ್ತರಕ್ಕಿಂತ ಕೆಳಗಿಳಿದಿತ್ತು. ಹಾಗಿದ್ದರೂ ಆಗಿನ ದೆಹಲಿಯ ರೇಡಾರ್ ಪರದೆ ವಿಮಾನದ ಎತ್ತರವನ್ನೇ ತೋರಿಸುತ್ತಿರಲಿಲ್ಲ. ಹೋಗುವವರಿಗೂ ಬರುವವರಿಗೂ ಇದ್ದದ್ದು ಒಂದೇ ಓಣಿ.

ಜಾಗ್ರೆಬ್‌ನ ಕತೆ ಮರುಕಳಿಸಿದ್ದು 2002ರ ಜುಲೈ 1ರ ರಾತ್ರಿ, ಜರ್ಮನಿಯ ಊಬರ್ಲಿಂಗೆನ್ ಮೇಲೆ. ಸ್ವಿಟ್ಜರ್ಲೆಂಡಿನ ಸ್ಕೈಗೈಡ್ ಸಂಸ್ಥೆಯ ಜ್ಯೂರಿಕ್ ಕೇಂದ್ರದಲ್ಲಿ ಆಗಲೂ ಒಬ್ಬರೇ ಕಂಟ್ರೋಲರ್. ಇನ್ನೊಬ್ಬರು ವಿಶ್ರಾಂತಿಗೆ ಹೋಗಿದ್ದರು. ಫೋನ್ ಲೈನ್ ದುರಸ್ತಿಯಲ್ಲಿತ್ತು. ಅಪಾಯ ಕಂಡ ಪಕ್ಕದ ಕಾರ್ಲ್ಸ್‌ರೂಹೆ ಕೇಂದ್ರದವರು ಎಷ್ಟು ಪ್ರಯತ್ನಿಸಿದರೂ ಕರೆ ತಾಗಲಿಲ್ಲ. ಡಿಕ್ಕಿ ತಪ್ಪಿಸಲು ಕಾಕ್‌ಪಿಟ್ಟಿನಲ್ಲಿರುವ ಟಿಕ್ಯಾಸ್ ಯಂತ್ರ ರಷ್ಯಾದ ಟುಪೊಲೆವ್ ವಿಮಾನಕ್ಕೆ ಏರು ಎಂದಿತು, ಕಂಟ್ರೋಲರ್ ಇಳಿ ಎಂದರು. ಪೈಲಟ್ ಮನುಷ್ಯನ ಮಾತು ಕೇಳಿದರು. ಅದರ ದಾರಿಗೆ ಅಡ್ಡ ಬರುತ್ತಿದ್ದ ಸರಕು ವಿಮಾನವೂ ತನ್ನ ಯಂತ್ರದ ಮಾತು ಕೇಳಿ ಇಳಿಯುತ್ತಿತ್ತು, ಎರಡೂ ಡಿಕ್ಕಿಯಾದವು. ಸತ್ತ 71 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಕ್ಕಳು. ಹೀಗೆ ಎರಡು ಆದೇಶ ಬಂದಾಗ ಯಂತ್ರದ್ದೇ ಅಂತಿಮ ಎಂಬ ಸ್ಪಷ್ಟ ನಿಯಮ ಅಂತರರಾಷ್ಟ್ರೀಯ ಮಟ್ಟದಲ್ಲಿ ಬಂದದ್ದು ಇದರ ನಂತರ. ಇಲ್ಲೂ ನ್ಯಾಯಾಲಯದ ಮೆಟ್ಟಿಲೇರಿದವರು ಎಂಟು ಜನ. ಆದರೆ 2007ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾದ ನಾಲ್ವರೂ ಮೇಲಿನ ಹುದ್ದೆಯವರು. ಮೂವತ್ತು ವರ್ಷದಲ್ಲಿ ಕಾನೂನು ಕಲಿತ ಪಾಠ ಇದು ಎನ್ನಬಹುದು. ಅದನ್ನು ನೋಡಲು ಆ ರಾತ್ರಿಯ ಕಂಟ್ರೋಲರ್ ಬದುಕಿರಲಿಲ್ಲ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬ 2004ರಲ್ಲಿ ಅವರನ್ನು ಇರಿದು ಕೊಂದಿದ್ದ.

ಬೆಂಗಳೂರಿಗೆ ಇದೇ ತಪ್ಪು ಹತ್ತಿರ ಬಂದು ಹೋದದ್ದು 2022ರ ಜನವರಿ 7ರ ಬೆಳಿಗ್ಗೆ. ಕೆಂಪೇಗೌಡ ನಿಲ್ದಾಣದ ಎರಡು ರನ್‌ವೇಗಳಲ್ಲಿ ಉತ್ತರದ್ದು ಹೊರಡಲು, ದಕ್ಷಿಣದ್ದು ಇಳಿಯಲು ಎಂಬ ವ್ಯವಸ್ಥೆಯಿತ್ತು. ಇನ್ನು ಮುಂದೆ ಎಲ್ಲವೂ ಉತ್ತರದಲ್ಲೇ ಎಂದು ಪಾಳಿಯ ಮೇಲ್ವಿಚಾರಕರು ತೀರ್ಮಾನಿಸಿದರು. ದಕ್ಷಿಣ ಟವರಿಗೆ ಆ ಮಾತು ಮುಟ್ಟಲಿಲ್ಲ ಎನ್ನುತ್ತದೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಪ್ರಾಥಮಿಕ ವರದಿ. ದಕ್ಷಿಣದಿಂದ ಕೋಲ್ಕತ್ತದ ವಿಮಾನ, ಉತ್ತರದಿಂದ ಭುವನೇಶ್ವರದ ವಿಮಾನ ಹೆಚ್ಚುಕಡಿಮೆ ಒಟ್ಟಿಗೇ ಮೇಲೆದ್ದು ಒಂದನ್ನೊಂದು ಸಮೀಪಿಸಿದವು. ಎರಡೂ ಇಂಡಿಗೊದವು, ಒಳಗೆ ಒಟ್ಟು 426 ಜನ. ಪರದೆಯಲ್ಲಿ ಇದನ್ನು ಕಂಡ ಅಪ್ರೋಚ್ ರೇಡಾರ್ ಕಂಟ್ರೋಲರ್ ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು.

ವಿಷಯ ಹೊರಗೆ ಬಂದದ್ದು ಸುಮಾರು ಹನ್ನೆರಡು ದಿನದ ಮೇಲೆ. ಅಲ್ಲಿಯವರೆಗೆ ಅದು ಯಾವ ಲಾಗ್‌ಬುಕ್ಕಿನಲ್ಲೂ ದಾಖಲಾಗಿರಲಿಲ್ಲ, ವಿಮಾನ ನಿಲ್ದಾಣ ಪ್ರಾಧಿಕಾರ ತಿಳಿಸಿಯೂ ಇರಲಿಲ್ಲ ಎಂದು ಡಿಜಿಸಿಎ ಅಧಿಕಾರಿಗಳು ಹೇಳಿದರು. ಮಾತು ದಾಟಿಸಲು ಮರೆತದ್ದಕ್ಕಿಂತ ಈ ಮೌನವೇ ದೊಡ್ಡ ತಪ್ಪು.