ಬಾನುಲಿಯ ಸಂಕಲನಕಾರ

ಸೂಕ್ತಿಸಂಗ್ರಹಗಳಲ್ಲಿ ಪರಿಶ್ರಮವುಳ್ಳವರಿಗೆ ಸಂಕಲನಕಾರನ ಕಾರ್ಯವು ಎಷ್ಟು ಗುರುತರವಾದುದೆಂಬುದು ವಿದಿತವೇ ಆಗಿದೆ. 13ನೆಯ ಶತಮಾನದಲ್ಲಿ ಮಲ್ಲಿಕಾರ್ಜುನನು ‘ಸೂಕ್ತಿಸುಧಾರ್ಣವ’ವನ್ನು ಸಂಗ್ರಹಿಸದೆ ಹೋಗಿದ್ದರೆ ಎಷ್ಟೋ ಕನ್ನಡ ಪದ್ಯಗಳು ತಮ್ಮ ಮೂಲಕಾವ್ಯಗಳೊಡನೆಯೇ ನಷ್ಟವಾಗುತ್ತಿದ್ದುವು. ಆತನು ಆ ಪದ್ಯಗಳನ್ನು ರಚಿಸಿದವನಲ್ಲ, ಆರಿಸಿದವನು, ಜೋಡಿಸಿದವನು. ಇದೇ ಕಾರ್ಯವನ್ನು ಅಕ್ಷರದಲ್ಲಲ್ಲದೆ ನಾದದಲ್ಲಿ ನಡೆಸತಕ್ಕವರು ಸಮುದಾಯ ಬಾನುಲಿಯ ಸಂಗೀತಕಾರ್ಯಕ್ರಮಗಳ ನಿರ್ವಾಹಕರು. ಅವರ ವೃತ್ತಿಯು (ವೃತ್ತಿಯೆನ್ನುವುದೂ ಸಲ್ಲದು, ಬಹುಮಂದಿಗೆ ಅದರಿಂದ ವೇತನವಿಲ್ಲ) ಯಾವ ಬಗೆಯದು, ಅದಕ್ಕೆ ಆಧಾರವೇನು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಸರ್ಕಾರದ್ದೂ ಅಲ್ಲದೆ, ಲಾಭಕ್ಕಾಗಿ ನಡೆಸುವ ವರ್ತಕರದ್ದೂ ಅಲ್ಲದೆ, ಒಂದು ಜನಸಮುದಾಯದ ಕೈಯಲ್ಲಿರುವ ನಿಲಯಕ್ಕೆ ಸಮುದಾಯ ಬಾನುಲಿಯೆಂದು ಹೆಸರು. ಅಮೆರಿಕಾ ದೇಶದ ಬರ್ಕ್‌ಲಿ ನಗರದಲ್ಲಿ ಲೂಯಿಸ್ ಹಿಲ್ ಎಂಬ ಶಾಂತಿವಾದಿಯು 1949ನೆಯ ಏಪ್ರಿಲ್‌ನಲ್ಲಿ ಆರಂಭಿಸಿದ ಕೆ.ಪಿ.ಎಫ್.ಎ. ನಿಲಯವು, ಶ್ರೋತೃಗಳು ತಾವಾಗಿ ಕೊಡುವ ಚಂದಾಹಣದಿಂದಲೇ ಇಂಥದು ನಡೆಯಬಲ್ಲುದೆಂಬುದನ್ನು ತೋರಿಸಿತು. 1962ರಲ್ಲಿ ಲೊರೆಂಜೊ ಮೈಲಮ್ ಸಿಯಾಟಲ್‌ನಲ್ಲಿ ಸ್ಥಾಪಿಸಿದ ಕೆ.ಆರ್.ಎ.ಬಿ. ನಿಲಯದಲ್ಲಿ ಸಂಗೀತಶಾಸ್ತ್ರಜ್ಞನಾದ ರಾಬರ್ಟ್ ಗಾರ್ಫಿಯಸ್ ನಾನಾದೇಶಗಳ ಸಂಗೀತವನ್ನು ವಿವರಣೆಯೊಡನೆ ಕೇಳಿಸುತ್ತಿದ್ದನು.

ಇವುಗಳ ವೈಶಿಷ್ಟ್ಯವು ಮನದಟ್ಟಾಗಬೇಕಾದರೆ ಅದೇ ಕಾಲದಲ್ಲಿ ವರ್ತಕರ ನಿಲಯಗಳಲ್ಲಿ ನಡೆದುದನ್ನು ನೋಡಬೇಕು. ಒಮಾಹಾ ನಗರದ ಟಾಡ್ ಸ್ಟಾರ್ಜ್ ಮೊದಲಾದವರು 1950ರ ದಶಕದಲ್ಲಿ, ಹೆಚ್ಚಾಗಿ ಮಾರಾಟವಾಗುವ ಸುಮಾರು 40 ಹಾಡುಗಳನ್ನೇ ಮತ್ತೆ ಮತ್ತೆ ನುಡಿಸುವ ಪದ್ಧತಿಯನ್ನು ರೂಢಿಗೆ ತಂದರು. ಇತ್ತ ಗ್ರಾಮಾಫೋನು ತಟ್ಟೆಗಳ ಕಂಪೆನಿಗಳು ತಮ್ಮ ತಟ್ಟೆಗಳನ್ನು ನುಡಿಸುವುದಕ್ಕಾಗಿ ನಿರ್ವಾಹಕರಿಗೆ ಗುಟ್ಟಾಗಿ ಹಣವನ್ನು ಸಲ್ಲಿಸುತ್ತಿದ್ದುವು. 1959ರಲ್ಲಿ ಈ ಲಂಚದ ವಿಷಯವು ಬಯಲಾಗಿ, ಪ್ರಸಿದ್ಧ ನಿರ್ವಾಹಕನಾದ ಅಲನ್ ಫ್ರೀಡನು ಕೆಲಸವನ್ನು ಕಳೆದುಕೊಂಡನು. 1960ರಲ್ಲಿ ಅದನ್ನು ನಿಷೇಧಿಸುವ ಶಾಸನವಾಯಿತು. ಶಾಸನವು ಯುಕ್ತವೇ. ಆದರೆ ನಿಲಯಗಳ ಒಡೆಯರು ಅದರಿಂದ ಕಲಿತ ಪಾಠವು ಬೇರೆ: ಆಯ್ಕೆಯ ಅಧಿಕಾರವನ್ನೇ ನಿರ್ವಾಹಕನಿಂದ ಕಿತ್ತು ಮೇಲಧಿಕಾರಿಯ ಪಟ್ಟಿಗೆ ಒಪ್ಪಿಸಿದರು. ಕಳ್ಳನಿಗೆ ಹೆದರಿ ಕಣಜವನ್ನೇ ಸುಟ್ಟಂತೆ ಆಯಿತು. ನಿರ್ವಾಹಕನು ಅಂದಿನಿಂದ ಬರಿಯ ಉದ್ಘೋಷಕನಾದನು.

ಕಳೆದುಹೋದ ಈ ಅಧಿಕಾರವನ್ನು ಮತ್ತೆ ನಿರ್ವಾಹಕನಿಗೆ ಕೊಟ್ಟ ನಿಲಯಗಳಲ್ಲಿ ಡಬ್ಲ್ಯು.ಎಫ್.ಎಂ.ಯು. ಮುಖ್ಯವಾದುದು. ನ್ಯೂಜೆರ್ಸಿ ಪ್ರಾಂತದ ಅಪ್ಸಾಲಾ ಕಾಲೇಜಿನಲ್ಲಿ 1958ರಲ್ಲಿ ಹುಟ್ಟಿದ ಇದು 1968ರ ವೇಳೆಗೆ ಅನಿಯತಕ್ರಮವನ್ನು ಹಿಡಿಯಿತು. ಎಂದರೆ, ಯಾವ ತಟ್ಟೆಯನ್ನು ಯಾವಾಗ ನುಡಿಸಬೇಕೆಂಬ ವಿಷಯದಲ್ಲಿ ನಿರ್ವಾಹಕನಿಗೆ ಮೇಲಿನವರ ಆಜ್ಞೆಯಿಲ್ಲ. ದೊಡ್ಡ ಕಂಪೆನಿಗಳ ಹಂಗಿಲ್ಲದೆ ಗಾಯಕರು ತಾವೇ ಹೊರಡಿಸಿದ ಸ್ವತಂತ್ರ ಸಂಗೀತಕ್ಕೆ ಪ್ರವೇಶ ದೊರೆತುದು ಇಂಥ ಬಾಗಿಲುಗಳಿಂದಲೇ.

ಅನಿಯತವೆಂದಮಾತ್ರಕ್ಕೆ ಅಸಂಬದ್ಧವೆಂದು ಭಾವಿಸಬಾರದು. ನಿರ್ವಾಹಕನ ಮುಂದೆ ಎರಡು ತಿರುಗುತಟ್ಟೆಗಳು, ನಡುವೆ ಧ್ವನಿಯನ್ನು ಏರಿಸಿ ಇಳಿಸುವ ಹಲಗೆ. ಒಂದು ಹಾಡು ಲೋಕಕ್ಕೆ ಕೇಳುತ್ತಿರುವಾಗ ಮುಂದಿನದರ ಮೊದಲ ಸ್ವರವನ್ನು ಅವನು ತನ್ನ ಕಿವಿಗವಸಿನಲ್ಲಿ ಮಾತ್ರ ಕೇಳಿ, ತಟ್ಟೆಯನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಹಿಡಿದಿರುತ್ತಾನೆ. ಎರಡರ ನಡುವೆ ಮೌನವು ಬಿದ್ದರೆ ನಿಲಯವು ಕೆಟ್ಟಿತೆಂದು ಶ್ರೋತೃವು ಎದ್ದುಹೋಗುವನು. ಈಗ ತಟ್ಟೆಯ ಸ್ಥಾನಕ್ಕೆ ಬಹುಮಟ್ಟಿಗೆ ಗಣಕಯಂತ್ರವು ಬಂದಿದೆ. ಜೋಡಣೆಯ ಕಷ್ಟ ಮಾತ್ರ ಹಾಗೆಯೇ ಉಳಿದಿದೆ.

ಆ ಕಷ್ಟವೆಂದರೆ ಸಂಗತಿ. ಶಾಸ್ತ್ರಕಾರರು ಒಂದು ಪ್ರಕರಣದ ಮೇಲೆ ಮತ್ತೊಂದು ಬರುವುದಕ್ಕೆ ಪ್ರಸಂಗ, ಉಪೋದ್ಘಾತ, ಹೇತುತೆ, ಅವಸರ, ನಿರ್ವಾಹಕೈಕ್ಯ, ಕಾರ್ಯೈಕ್ಯ ಎಂದು ಆರು ಬಗೆಯ ಸಂಗತಿಗಳನ್ನು ಹೇಳಿರುವರು. ಇವುಗಳಲ್ಲಿ ಕೆಲವನ್ನಾದರೂ ಸಮರ್ಥನಾದ ನಿರ್ವಾಹಕನು, ಹೆಸರನ್ನು ಅರಿಯದೆಯೇ, ಬಳಸುತ್ತಾನೆ. ಅಮೆರಿಕಾದ ಜಾನ್ ಲೀ ಹೂಕರನ ಗಿಟಾರನ್ನು ಕೇಳುವಾಗ ಆಫ್ರಿಕಾದ ಮಾಲಿ ದೇಶದ ಅಲಿ ಫರ್ಕಾ ಟೂರೆಯು ನೆನಪಾಗುತ್ತಾನೆ; ನೆನಪಾದುದನ್ನು ಉಪೇಕ್ಷಿಸಲಾಗದೆ ನುಡಿಸಿದರೆ ಅದು ಪ್ರಸಂಗಸಂಗತಿ. ಫಿಲಿಪ್ ಗ್ಲಾಸ್ 1960ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರವಿಶಂಕರರೊಡನೆ ಕೆಲಸಮಾಡಿ ಅಲ್ಲಿಂದ ತನ್ನ ಲಯಕ್ರಮವನ್ನು ಕಂಡುಕೊಂಡವನು. ಸಿತಾರಿನ ಬೆನ್ನಿಗೆ ಅವನ ಕೃತಿಯನ್ನಿಟ್ಟರೆ ಹೇತುತಾಸಂಗತಿ. ಎಲ್ಲಕ್ಕಿಂತ ಸೂಕ್ಷ್ಮವಾದುದು ಅವಸರ: ಹಿಂದಿನ ಹಾಡು ಎಬ್ಬಿಸಿದ ಕುತೂಹಲವು ಶಾಂತವಾದ ಮೇಲಲ್ಲದೆ ಹೊಸದನ್ನು ತರಲಾಗದು. ಕರ್ಣಾಟಕ ಸಂಗೀತದಲ್ಲಿ ಒಂದೇ ಪಂಕ್ತಿಯನ್ನು ಬೆಳೆಸಿ ಬೆಳೆಸಿ ಹಾಡುವುದಕ್ಕೂ ಸಂಗತಿಯೆಂದೇ ಹೆಸರಿರುವುದು ಸ್ವಾರಸ್ಯವಾಗಿದೆ. ಈಚೆಗೆ ಯಂತ್ರಗಣಿತವು ತಾನೇ ಹಾಡುಗಳನ್ನು ಪೋಣಿಸಿಕೊಡುತ್ತದೆ. ಶ್ರೋತೃವಿಗೆ ಈಗಾಗಲೇ ಪ್ರಿಯವಾದುದಕ್ಕೆ ಹತ್ತಿರವಾದುದನ್ನು ಅದು ಹುಡುಕುವುದೇ ಹೊರತು, ಹತ್ತಿರವಲ್ಲದ ಎರಡನ್ನು ಕೂಡಿಸುವ ಹೊಣೆಯನ್ನು ಹೊರುವುದು ವಿರಳ.

ಜೋಡಣೆಯಾದ ಮೇಲೆ ನಾಮೋಚ್ಚಾರ. ನಾಲ್ಕೈದು ಹಾಡುಗಳನ್ನು ಒಟ್ಟಿಗೆ ನುಡಿಸಿ, ಕೊನೆಯಲ್ಲಿ ಅವುಗಳ ಕರ್ತೃ, ಗಾಯಕ, ತಟ್ಟೆ ಇವುಗಳನ್ನು ಹೇಳುವುದು ವಾಡಿಕೆ. ಸೋಮಾರಿಯಾದ ನಿರ್ವಾಹಕನು ಇದನ್ನು ಬಿಟ್ಟುಬಿಡುತ್ತಾನೆ. ಇದು ಅಲ್ಪಾಪರಾಧವಲ್ಲ. ಅಮೆರಿಕಾದ ಕಾನೂನಿನಂತೆ ಆಕಾಶಮಾರ್ಗದ ಪ್ರಸಾರಕ್ಕಾಗಿ ರಚನಕಾರನಿಗೆ ಹಣ ಸಲ್ಲುತ್ತದೆ, ಹಾಡಿದವನಿಗೆ ಸಲ್ಲುವುದಿಲ್ಲ. ಆದ್ದರಿಂದ ಗಾಯಕನಿಗೆ ದೊರೆಯುವ ದಕ್ಷಿಣೆಯೆಲ್ಲ ಅವನ ಹೆಸರನ್ನು ಹೇಳುವುದೊಂದೇ. 1205ರ ‘ಸದುಕ್ತಿಕರ್ಣಾಮೃತ’ದಲ್ಲಿ ಶ್ರೀಧರದಾಸನು ಪದ್ಯಗಳೊಡನೆ ಕವಿಗಳ ಹೆಸರನ್ನೂ ಕೊಟ್ಟುದರಿಂದ ಎಷ್ಟು ಮಂದಿ ಕವಿಗಳು ಇಂದಿಗೂ ಜೀವಿಸಿರುವರೆಂಬುದನ್ನು ವಿದ್ವಾಂಸರು ಬಲ್ಲರು. ‘ಸೂಕ್ತಿಸುಧಾರ್ಣವ’ದಲ್ಲಾದರೋ ಎಷ್ಟೋ ಪದ್ಯಗಳ ಕರ್ತೃಗಳು ಯಾರೆಂಬುದೇ ತಿಳಿಯದೆ ಉಳಿದಿದೆ.

ನಿರ್ವಾಹಕನೊಬ್ಬನ ಕಿವಿಯು ಏನನ್ನು ಉಳಿಸಬಲ್ಲುದೆಂಬುದಕ್ಕೆ ಒಂದು ನಿದರ್ಶನವಿದೆ. ಕೆನಡಾದ ಲಾಂಗ್ಲಿ ಪ್ರದೇಶದ ಹಳ್ಳಿಶಾಲೆಗಳಲ್ಲಿ ಹ್ಯಾನ್ಸ್ ಫೆಂಗರ್ ಎಂಬ ಉಪಾಧ್ಯಾಯನು 1976-77ರಲ್ಲಿ ಮಕ್ಕಳಿಂದ ಆ ಕಾಲದ ಜನಪ್ರಿಯ ಗೀತೆಗಳನ್ನು ವ್ಯಾಯಾಮಶಾಲೆಯಲ್ಲಿ ಹಾಡಿಸಿ, ಮನೆಯವರಿಗೆಂದು ಕೆಲವೇ ತಟ್ಟೆಗಳನ್ನು ಮಾಡಿಸಿದನು. ಎರಡು ದಶಕಗಳಿಗೂ ಮೇಲೆ ಒಬ್ಬ ಸಂಗ್ರಾಹಕನ ಮೂಲಕ ಅದು ಡಬ್ಲ್ಯು.ಎಫ್.ಎಂ.ಯು. ನಿಲಯದ ನಿರ್ವಾಹಕನಾದ ಇರ್ವಿನ್ ಚುಸಿಡನ ಕೈಸೇರಿತು. ಅವನ ಪ್ರಯತ್ನದಿಂದ 2001ರಲ್ಲಿ ಲೋಕಕ್ಕೆಲ್ಲ ದೊರೆಯುವಂತಾಯಿತು. ಮಕ್ಕಳ ಕಂಠ ಒರಟು, ತಾಳ ಅಲ್ಲಲ್ಲಿ ಜಾರುತ್ತದೆ. ಯಾವ ಪಟ್ಟಿಯೂ ಅದನ್ನು ಒಳಗೆ ಬಿಡುತ್ತಿರಲಿಲ್ಲ.

ಈ ಸ್ವಾತಂತ್ರ್ಯವು ನಿಂತಿರುವುದು ಬಹು ತೆಳುವಾದ ನೆಲದ ಮೇಲೆ. ಕೆ.ಆರ್.ಎ.ಬಿ. ನಿಲಯವು 1984ರಲ್ಲಿ ಮುಚ್ಚಿಹೋಯಿತು. ಅಪ್ಸಾಲಾ ಕಾಲೇಜು ಸಾಲದಲ್ಲಿ ಮುಳುಗಿ 1995ರಲ್ಲಿ ನಿಂತೇಹೋದರೂ, ಅದಕ್ಕೆ ಮೊದಲೇ ನಿಲಯದವರು ಪರವಾನಗಿಯನ್ನು ಕೊಂಡುಕೊಂಡಿದ್ದುದರಿಂದ ಡಬ್ಲ್ಯು.ಎಫ್.ಎಂ.ಯು. ಉಳಿಯಿತು. ಜಾಹೀರಾತನ್ನು ಸ್ವೀಕರಿಸದ ಅದು ವರ್ಷಕ್ಕೊಮ್ಮೆ ದಿನಗಟ್ಟಲೆ ಶ್ರೋತೃಗಳನ್ನು ಬೇಡಿ ಹಣವನ್ನು ಕೂಡಿಸುತ್ತದೆ. ಭಿಕ್ಷೆಯೆಂದು ಹಳಿಯುವವರುಂಟು, ಮಠದ ಪಾಠಶಾಲೆಗಳಲ್ಲಿ ವಾರಾನ್ನದಿಂದ ಓದಿದವರು ಹಾಗೆ ಹೇಳಲಾರರು.

ಭಾರತದಲ್ಲಿ ಈ ಬಾಗಿಲು ತಡವಾಗಿ ತೆರೆಯಿತು. ಮೈಸೂರಿನಲ್ಲಿ 1935ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ನಿಲಯವನ್ನು ನಡೆಸಿ ‘ಆಕಾಶವಾಣಿ’ಯೆಂಬ ಹೆಸರಿಗೆ ಕಾರಣರಾದುದು ನಿಜವಾದರೂ, ಮುಂದೆ ಬಹುಕಾಲ ಪ್ರಸಾರವೆಲ್ಲ ಸರ್ಕಾರದ ಹಸ್ತಗತವಾಗಿತ್ತು. ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟುದು 1995ರಲ್ಲಿ; ವಿದ್ಯಾಸಂಸ್ಥೆಗಳಿಗೆ ಅನುಮತಿ ದೊರೆತುದು 2002ರಲ್ಲಿ, ಸಮುದಾಯಸಂಸ್ಥೆಗಳಿಗೆ 2006ರಲ್ಲಿ. ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ಯವರು ಅನುಮತಿಗೆ ಮೊದಲೇ ತಂತಿಯ ಮೂಲಕ ಮನೆಗಳಿಗೆ ಕಾರ್ಯಕ್ರಮಗಳನ್ನು ಮುಟ್ಟಿಸಿದ್ದರು. 2008ರಲ್ಲಿ ತೆಲುಗುನಾಡಿನ ಪಸ್ತಾಪುರದಲ್ಲಿ ದಲಿತಸ್ತ್ರೀಯರ ಸಂಘದ ನಿಲಯವು ಆರಂಭವಾಯಿತು.

2006ರ ನಿಯಮದಂತೆ ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯರ ಸಹಭಾಗದಿಂದ ಸಿದ್ಧವಾಗತಕ್ಕದ್ದು. ಹೀಗಿರಲು ಇಲ್ಲಿಯ ನಿರ್ವಾಹಕಿಗೆ ತಟ್ಟೆಗಳ ಕಪಾಟು ಸಾಲದು. ಬೀಸುವ ಪದ, ಸೋಬಾನೆಯ ಪದ ಇವು ಬಹುಮಟ್ಟಿಗೆ ಹಾಡುವವರ ನಾಲಗೆಯ ಮೇಲೆಯೇ ಇವೆ. ಯಂತ್ರವನ್ನು ಹಿಡಿದು ಹಾಡುವವಳ ಮನೆಬಾಗಿಲಿಗೆ ಹೋಗಬೇಕು. ಹಾಡನ್ನು ಮುದ್ರಿಸಿಕೊಂಡ ಗಳಿಗೆಯಲ್ಲಿಯೇ ಆಕೆಯ ಹೆಸರು, ಊರು, ಯಾರಿಂದ ಕಲಿತಳೆಂಬುದು, ಈ ಮೂರನ್ನೂ ಬರೆದುಕೊಳ್ಳಬೇಕು. ನಾಳೆ ಬರೆದುಕೊಳ್ಳೋಣವೆಂದು ಬಿಟ್ಟ ಮುದ್ರಿಕೆಯನ್ನು ಹತ್ತು ವರ್ಷದ ಮೇಲೆ ತೆಗೆದು ಕೇಳಿದರೆ, ಕಂಠವೇನೋ ಸ್ಪಷ್ಟವಾಗಿ ಕೇಳುತ್ತದೆ. ಅದು ಯಾರದೆಂದು ಹೇಳುವವರು ಇರುವುದಿಲ್ಲ.